ಅವಳೇ ಇವಳು, ಇವಳು ಅವಳಲ್ಲ

ರಾತ್ರಿ ಹನ್ನೊಂದೂವರೆಗೆ ತಂಗಿ ಫೋನ್ ಮಾಡಿದ್ಲು. ಆ ಹೊತ್ತಲ್ಲಿ ಫೋನ್ ಬಂದ್ರೆ ಯಾರಿಗೆ ಏನಾಯ್ತೋ ಅಂತ ಎದೆ ಧಸಕ್ ಅನ್ನುತ್ತೆ. ಕತ್ತಲಲ್ಲಿ ತಡಕಾಡಿ ಮೊದ್ಲು ಹೊಸ ಕನ್ನಡಕ ಹಾಕ್ಕೊಂಡೆ, ಕನ್ನಡಕ ಇಲ್ದಿದ್ರೆ ನಂಗೆ ಕಿವೀನೂ ಸರಿಯಾಗಿ ಕೇಳ್ಸಲ್ಲ, ಆಮೇಲೆ ಫೋನ್ ಎತ್ತಿದೆ. "ಅಕ್ಕ, ಅವ್ನಿಗೆ ಗೊತ್ತಾಗ್ಬೇಕಿತ್ತು ಅಲ್ವಾ?" ಅಂದ್ಲು. ಹಲೋ ಇಲ್ಲ, ಮಲ್ಗಿದ್ಯಾ ಅನ್ನೋ ಮಾತಿಲ್ಲ. ಯಾರಿಗೆ, ಏನು ಅಂತ ನಾನೂ ಕೇಳ್ಲಿಲ್ಲ, ಯಾಕಂದ್ರೆ ನಾನೂ ಅದನ್ನೇ ಯೋಚಿಸ್ತಾ ಹೊರಳಾಡ್ತಿದ್ದೆ. ಪಕ್ಕದಲ್ಲಿ ನಮ್ಮನೆಯವ್ರು ದಿಂಬಿಂದ ತಲೆ ಎತ್ತಿ "ಯಾರು ಹೋದ್ರು?" ಅಂದ್ರು. "ಯಾರೂ ಹೋಗಿಲ್ಲ, ಮಲ್ಕೊಳ್ಳಿ, ಪೀಟರ್ ವಿಷ್ಯ" ಅಂದೆ. ಯಾವ ಪೀಟರ್ ಅಂತ ಕೇಳೋಷ್ಟ್ರಲ್ಲಿ ಅವ್ರಿಗೆ ಮತ್ತೆ ನಿದ್ದೆ ಬಂದಾಗಿತ್ತು.

ಈ ಪೀಟರ್ ಇರೋದು ಫ್ರಿಂಜ್ ಅನ್ನೋ ಸೀರೀಸಲ್ಲಿ. 2008ರಲ್ಲಿ ಶುರುವಾಗಿ, 2013ರ ಜನವರಿಗೆ ಸರಿಯಾಗಿ 100 ಎಪಿಸೋಡಿಗೆ ಮುಗಿದುಹೋದ ಸೀರೀಸು. ಊರವ್ರೆಲ್ಲ ನೋಡಿ, ಜಗಳ ಆಡಿ, ಮರೆತು, ಬೇರೆ ಜಗಳಕ್ಕೆ ಹೋದ್ಮೇಲೆ ನಾವಿಬ್ರೂ ನೋಡೋಕೆ ಕೂತಿದ್ದು. ಅವಳು ಅವಳ ಮನೇಲಿ, ನಾನು ನಮ್ಮನೇಲಿ, ದಿನಕ್ಕೆ ಒಂದೇ ಒಂದು ಎಪಿಸೋಡು, ಒಬ್ರನ್ನ ಬಿಟ್ಟು ಒಬ್ರು ಮುಂದೆ ಹೋಗಂಗಿಲ್ಲ ಅಂತ ಆಣೆ ಪ್ರಮಾಣ ಬೇರೆ. ಇಷ್ಟು ಹಳೇದಕ್ಕೆ ಕಥೆ ಹೇಳ್ಬಿಟ್ಯಲ್ಲ ಅಂತ ಯಾರಾದ್ರೂ ಬೈದ್ರೆ ನಾನಂತೂ ಜವಾಬ್ದಾರಳಲ್ಲ.

ಕಥೆ ಏನಪ್ಪಾ ಅಂದ್ರೆ, ಒಲಿವಿಯಾ ಅಂತ ಒಬ್ಬಳು ಎಫ್‌ಬಿಐ ಏಜೆಂಟು, ನಗೋದು ಬಹಳ ಅಪರೂಪ, ಚಿಕ್ಕವಳಿದ್ದಾಗ ಅವಳ ಮೇಲೆ ಏನೇನೋ ಔಷಧಿ ಪ್ರಯೋಗ ಮಾಡಿರ್ತಾರೆ, ಅವಳಿಗೆ ನಗೋಕೆ ಕಾರಣಾನೂ ಹೆಚ್ಚಿಲ್ಲ ಬಿಡಿ. ಜೊತೇಲಿ ಕೆಲ್ಸ ಮಾಡೋ ಹುಡುಗ ಪೀಟರ್. ಎರಡು ಸೀಸನ್ ಪೂರ್ತಿ ಹೇಳ್ಲೋ ಬೇಡ್ವೋ ಅಂತ ಇಬ್ರೂ ಮೀನಮೇಷ ಎಣಿಸ್ತಾರೆ. ಪಕ್ಕದಲ್ಲೇ ಇನ್ನೊಂದು ಜಗತ್ತಿರುತ್ತೆ, ಅಲ್ಲಿ ಆಕಾಶದಲ್ಲಿ ಇನ್ನೂ ಹಳೇ ಕಾಲದ ಗಾಳಿಹಡಗುಗಳು, ಆ ಝೆಪ್ಪೆಲಿನ್‌ಗಳು ತೇಲಾಡ್ತಿರ್ತವೆ, ಸ್ವಾತಂತ್ರ್ಯ ದೇವಿ ಪ್ರತಿಮೆ ಈ ಕಡೆ ಥರ ಹಸಿರುಗಟ್ಟಿಲ್ದೆ ತೊಳೆದಿಟ್ಟ ತಾಮ್ರದ ಚೆಂಬಿನ ಹಾಗೆ ಹೊಳೀತಿರುತ್ತೆ, ಇಲ್ಲಿರೋ ಬಹಳಷ್ಟು ಜನರಿಗೆ ಅಲ್ಲೊಂದು ಪ್ರತಿ. ಆ ಕಡೆ ಒಲಿವಿಯಾಗೆ ಕೆಂಪು ಕೂದ್ಲು, ಮಾತಿಗೊಂದ್ಸಲ ನಗ್ತಾಳೆ. ಎರಡನೇ ಸೀಸನ್ ಮುಗಿಯೋ ಹೊತ್ತಿಗೆ ಇವಳನ್ನ ಅಲ್ಲಿ ಕೂಡಿಹಾಕ್ಕೊಂಡು ಅವಳು ಕೂದಲಿಗೆ ಬಣ್ಣ ಹಾಕ್ಕೊಂಡು ಇವಳ ಜಾಗಕ್ಕೆ ಬಂದು ಕೂರ್ತಾಳೆ, ಇವಳ ಮನೆ, ಇವಳ ಕೆಲ್ಸ, ಇವಳ ಬಟ್ಟೆ. ಪೀಟರ್ ಕೂಡ.

ವಾರಗಟ್ಟಲೆ ಅವನಿಗೆ ಗೊತ್ತೇ ಆಗಲ್ಲ. ಇದೇ ನಮ್ಮ ಕೇಸು.

ಮೊದಲನೇ ವಾದ ಅಪರಾಧದ ಬಗ್ಗೆ ಅಲ್ಲ, ಲೆಕ್ಕದ ಬಗ್ಗೆ. ಇದು ತ್ರಿಕೋನ ಪ್ರೇಮಾನಾ ಅಲ್ವಾ? ತ್ರಿಕೋನಾನೇ ಅಂತ ತಂಗಿ. ಹೇಗಮ್ಮ, ಇರೋದು ಇಬ್ರೇ ಅಲ್ವಾ, ಒಬ್ಬ ಪೀಟರ್, ಒಬ್ಬಳು ಒಲಿವಿಯಾ, ಎರಡು ಚುಕ್ಕೆ ಸೇರಿಸಿದ್ರೆ ಗೆರೆ ಬರುತ್ತೆ, ತ್ರಿಕೋನ ಎಲ್ಲಿಂದ ಬರುತ್ತೆ ಅಂತ ನಾನು. "ಹಾಗಾದ್ರೆ ಒಲಿವಿಯಾ ವಾಪಸ್ ಬಂದಾಗ ಅಳೋದ್ಯಾಕೆ? ಗೆರೆ ಎಳೆದಿದ್ದಕ್ಕಾ?" ಅಂತ ಅವಳು. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಉತ್ತರ ಇಲ್ದಾಗ ನಾನು "ನಾಳೆ ಮಾತಾಡೋಣ, ಬೆಳಿಗ್ಗೆ ಬೇಗ ಏಳ್ಬೇಕು" ಅನ್ನೋಳು, ಅವತ್ತೂ ಹಾಗೇ ಅಂದೆ.

ಈ ಥರ ಜಗಳ ನಂಗೆ ಹೊಸದೇನಲ್ಲ. ಲಾಸ್ಟ್ ಅನ್ನೋ ಸೀರೀಸ್ ನೋಡೋವಾಗ ಕೇಟ್ ಅನ್ನೋಳು ಡಾಕ್ಟ್ರು ಜ್ಯಾಕ್ ಜೊತೆ ಹೋಗ್ಬೇಕೋ ಮೋಸಗಾರ ಸಾಯರ್ ಜೊತೆ ಹೋಗ್ಬೇಕೋ ಅಂತ ನಾವಿಬ್ರೂ ಮಾತು ಬಿಟ್ಟಿದ್ದೂ ಇದೆ. ಆ ಸೀರೀಸಿನ ಅಭಿಮಾನಿಗಳಲ್ಲಿ ಎರಡು ಪಕ್ಷಾನೇ ಇತ್ತು, ಜ್ಯಾಕ್ ಕಡೆಯವ್ರು ಜೇಟರ್ಸು, ಸಾಯರ್ ಕಡೆಯವ್ರು ಸ್ಕೇಟರ್ಸು. ದ್ವೀಪದಲ್ಲಿ ಹೊಗೆ ಭೂತ ಓಡಾಡ್ತಿದೆ, ನೆಲದಡಿ ಬಂಕರಲ್ಲಿ 108 ನಿಮಿಷಕ್ಕೊಂದ್ಸಲ ಬಟನ್ ಒತ್ತದಿದ್ರೆ ಲೋಕಾನೇ ಹೋಗುತ್ತೆ ಅಂತಾರೆ, ಅದ್ಯಾವ್ದೂ ಬೇಡ ನಮಗೆ, ಕೇಟ್ ಯಾರ ಕಡೆ ತಿರುಗಿ ನೋಡಿದ್ಲು ಹೇಳಿ. ನೋಡಿದ್ದು ಎಷ್ಟೊತ್ತು? ಎರಡು ಸೆಕೆಂಡು. ಆ ಎರಡು ಸೆಕೆಂಡನ್ನ ನನ್ನ ತಂಗಿ ಪಾಸ್ ಒತ್ತಿ, ಹಿಂದಕ್ಕೆ ಎಳೆದು, ಮತ್ತೆ ಪಾಸ್ ಒತ್ತಿ, ಫೋಟೋ ತೆಗೆದು ಕಳಿಸಿದ್ಲು, ಕೆಳಗಡೆ "ಕಣ್ಣು ನೋಡು" ಅಂತ ಬರೆದು. ಕಣ್ಣು ನೋಡ್ದೆ. ಕಣ್ಣು ಅರ್ಧ ಮುಚ್ಚಿತ್ತು, ರೆಪ್ಪೆ ಬಡಿಯೋ ಮಧ್ಯದಲ್ಲಿ ನಿಂತ ಚಿತ್ರ ಅದು, ಅದರಲ್ಲಿ ಪ್ರೀತಿಗಿಂತ ನಿದ್ದೆ ಜಾಸ್ತಿ ಕಾಣಿಸ್ತು. ಹೇಳಿದ್ದಕ್ಕೆ ಎರಡು ದಿನ ಮೆಸೇಜ್ ಇಲ್ಲ.

ಇದಕ್ಕೆಲ್ಲ ಶಿಪ್ಪಿಂಗ್ ಅಂತಾರೆ ಅಂತ ಅವಳಿಂದಲೇ ಗೊತ್ತಾಗಿದ್ದು. "ನೀನು ಯಾವ ಶಿಪ್ಪಲ್ಲಿದೀಯಕ್ಕ?" ಅಂತ ಮೊದಲ ಸಲ ಕೇಳ್ದಾಗ, ಆಗ ನೋಡ್ತಿದ್ದದ್ದು ಬಾಹ್ಯಾಕಾಶದ ಕಥೆ ಅಲ್ವಾ, ಯಾವ್ದೋ ನೌಕೆ ವಿಷ್ಯ ಇರ್ಬೇಕು ಅಂತ "ಹಿಂದುಗಡೆ ದೊಡ್ಡ ಎಂಜಿನ್ ಇದೆಯಲ್ಲ, ಅದರಲ್ಲಿ" ಅಂದಿದ್ದೆ. ಪದ ಬಂದಿರೋದು ರಿಲೇಶನ್‌ಶಿಪ್ಪಿಂದ. 1993ರಲ್ಲಿ ಎಕ್ಸ್ ಫೈಲ್ಸ್ ಅನ್ನೋ ಸೀರೀಸ್ ಶುರುವಾದ್ಮೇಲೆ, ಅದರಲ್ಲಿ ಜೊತೆಗೆ ಕೆಲ್ಸ ಮಾಡೋ ಮಲ್ಡರ್ ಸ್ಕಲ್ಲಿ ಇಬ್ರೂ ಒಂದಾಗ್ಬೇಕು ಅನ್ನೋರಿಗೆ ರಿಲೇಶನ್‌ಶಿಪ್ಪರ್ಸ್ ಅಂತ ಹೆಸರು ಬಿತ್ತು, ಬಾಲ ಮಾತ್ರ ಉಳ್ಕೊಂಡು ಶಿಪ್ಪರ್ಸ್ ಆಯ್ತು. ಬೇಡಪ್ಪಾ ಅವ್ರು ಬರೀ ಕೆಲ್ಸ ಮಾಡ್ಲಿ ಅನ್ನೋರೂ ಇದ್ರು, ಅವ್ರು ನೋರೋಮೋ, ರೊಮಾನ್ಸ್ ಬೇಡದ ಪಕ್ಷ. ನನ್ನ ಮತ ಯಾವಾಗ್ಲೂ ಈ ಎರಡನೇ ಪಕ್ಷಕ್ಕೇ, ಆದ್ರೆ ಹೊರಗೆ ಹೇಳ್ಕೊಳ್ಳಲ್ಲ, ಹೇಳಿದ್ರೆ ತಂಗಿ ಎದುರು ಠೇವಣೀನೂ ಸಿಗಲ್ಲ.

ಸಾಮಾನ್ಯ ಕಥೆಗಳಲ್ಲಿ ತ್ರಿಕೋನ ಬಗೆಹರಿಯೋ ದಾರಿ ಕಡಿಮೆ. ಒಬ್ರು ತ್ಯಾಗ ಮಾಡ್ಬೇಕು, ಇಲ್ಲಾ ಒಬ್ರು ಸಾಯ್ಬೇಕು, ಇಲ್ಲಾ ಒಬ್ಬ ಕೆಟ್ಟೋನು ಅಂತ ಕೊನೇಲಿ ಗೊತ್ತಾಗ್ಬೇಕು. ಸೈನ್ಸ್ ಫಿಕ್ಷನ್‌ನೋರಿಗೆ ಇದ್ಯಾವ್ದೂ ಸಾಕಾಗಲ್ಲ. ಸ್ಟಾರ್ ವಾರ್ಸ್‌ನೇ ತಗೊಳ್ಳಿ. 1977ರ ಮೊದಲನೇ ಸಿನಿಮಾದಲ್ಲಿ ನೌಕೆ ಒಳಗೆ ಕೂತು ಹ್ಯಾನ್ ಸೋಲೋ, ರಾಜಕುಮಾರಿಗೂ ನನ್ನಂಥೋನಿಗೂ ಆಗಿಬರುತ್ತಾ ಏನಂತೀಯ ಅನ್ನೋ ಥರ ಮಾತು ತೆಗೀತಾನೆ, ಲ್ಯೂಕ್ ಅವನ ಮಾತು ಮುಗಿಯೋಕೂ ಬಿಡ್ದೆ ಇಲ್ಲ ಅಂತಾನೆ. ಆ ಒಂದು "ಇಲ್ಲ"ದಲ್ಲಿ ಇಡೀ ತ್ರಿಕೋನ ಇದೆ ನೋಡಿ, ಹೊಟ್ಟೆಕಿಚ್ಚು, ಆಸೆ, ಎಲ್ಲಾ. 1980ರಲ್ಲಿ ಎರಡನೇದು ಬಂತು, ರಾಜಕುಮಾರಿ ಲಿಯಾ ಹ್ಯಾನ್‌ನ ಉರಿಸೋಕೆ ಅಂತಾನೇ ಲ್ಯೂಕ್‌ಗೆ ಮುತ್ತು ಕೊಡ್ತಾಳೆ. ಆಮೇಲೆ ಮೂರು ವರ್ಷ ಜನ ಕಾಯ್ಬೇಕು. 1983ರಲ್ಲಿ ಮೂರನೇದರಲ್ಲಿ ತೀರ್ಪು ಬಂತು, ಲ್ಯೂಕು ಲಿಯಾ ಅವಳಿ ಜವಳಿ, ಅಣ್ಣ ತಂಗಿ! ಮೂರು ವರ್ಷ ಲ್ಯೂಕ್ ಪರ ಎದೆ ತಟ್ಕೊಂಡು ವಾದ ಮಾಡಿದೋರ ಮುಖ ಆವತ್ತು ಥಿಯೇಟರಲ್ಲಿ ಹೇಗಿತ್ತೋ. ತ್ರಿಕೋನದ ಒಂದು ಮೂಲೇನ ಎಳ್ಕೊಂಡು ಹೋಗಿ ವಂಶವೃಕ್ಷದಲ್ಲಿ ನೇತುಹಾಕ್ಬಿಟ್ರು.

ಒಂದು ಸಣ್ಣ ಅಡ್ಡದಾರಿ. ನಾನು ಓದಿದ್ದು ಫಿಸಿಕ್ಸು, ಕೆಲ್ಸಕ್ಕೆ ಬಂದಿದ್ದು ಇದೊಂದು ಕಡೆ ಮಾತ್ರ. 1772ರಲ್ಲಿ ಲಗ್ರಾಂಜ್ ಅನ್ನೋ ಗಣಿತಜ್ಞ, ಮೂರು ಕಾಯಗಳು ಸಮಬಾಹು ತ್ರಿಕೋನದ ಮೂರು ಮೂಲೇಲಿ ನಿಂತು, ಆಕಾರ ಕೆಡ್ಸಿಕೊಳ್ದೆ ಸುತ್ತುತ್ತಾ ಇರಬಹುದು ಅಂತ ಲೆಕ್ಕ ಮಾಡಿ ತೋರ್ಸಿದ. ಸೂರ್ಯ, ಗುರು ಗ್ರಹ, ಜೊತೆಗೊಂದಷ್ಟು ಪುಟ್ಟ ಕ್ಷುದ್ರಗ್ರಹಗಳು ನಿಜವಾಗ್ಲೂ ಹಾಗೇ ನಡ್ಕೊಂಡು ಹೋಗ್ತಿವೆ, ಅದರಲ್ಲಿ ಮೊದಲನೇದು ಕಣ್ಣಿಗೆ ಬಿದ್ದಿದ್ದು 1906ರಲ್ಲಿ. ಆದ್ರೆ ಒಂದು ಷರತ್ತಿದೆ, ಈ ಏರ್ಪಾಡು ನಿಲ್ಬೇಕಂದ್ರೆ ಒಟ್ಟು ತೂಕದಲ್ಲಿ 96 ಪರ್ಸೆಂಟಿಗೂ ಜಾಸ್ತಿ ಒಬ್ಬರ ಹತ್ರಾನೇ ಇರ್ಬೇಕು. ಮೂವರೂ ಸಮ ತೂಕದೋರಾದ್ರೆ ಸ್ವಲ್ಪ ಅಲ್ಲಾಡಿದ್ರೂ ಸಾಕು, ತ್ರಿಕೋನ ಕೆಟ್ಟು ಮೂರೂ ಮೂರು ದಿಕ್ಕು. ಸೀರೀಸ್ ಬರೆಯೋರು ಇದನ್ನ ಓದಿರ್ತಾರೋ ಇಲ್ವೋ, ಮಾಡೋದು ಮಾತ್ರ ಇದನ್ನೇ. ಹೀರೋಯಿನ್‌ಗೆ ಬಾಲ್ಯ, ಕನಸು, ಗಾಯ, ಗನ್ನು ಎಲ್ಲಾ ಕೊಟ್ಟಿರ್ತಾರೆ, ಸುತ್ತೋ ಹುಡುಗ್ರಿಗೆ ಒಬ್ಬೊಬ್ಬರಿಗೆ ಒಂದೊಂದು ಜಾಕೆಟ್ಟು.

ಸರಿ, ಫ್ರಿಂಜ್‌ಗೆ ವಾಪಸ್ ಬರೋಣ. ಮೂರನೆಯವಳು ಬೇರೆಯವಳೇ ಅಲ್ಲ, ಅವಳೇ, ಅನ್ನೋ ಈ ಕಾಯಿಲೆ ಸೈನ್ಸ್ ಫಿಕ್ಷನ್‌ಗೆ ಮಾತ್ರ ಬರೋದು, ಮತ್ತೆ ಇದು ಫ್ರಿಂಜ್‌ಗೇ ಮೊದ್ಲು ಬಂದಿದ್ದೂ ಅಲ್ಲ. 1993ರಲ್ಲಿ ಸ್ಟಾರ್ ಟ್ರೆಕ್ ನೆಕ್ಸ್ಟ್ ಜನರೇಷನ್‌ನ ಒಂದು ಎಪಿಸೋಡಲ್ಲಿ ರೈಕರ್ ಅನ್ನೋ ಆಫೀಸರ್ ಎಂಟು ವರ್ಷದ ಹಿಂದೆ ಒಂದು ಗ್ರಹದಿಂದ, ಜನರನ್ನ ಇಲ್ಲಿ ಮಾಯ ಮಾಡಿ ಅಲ್ಲಿ ಮೂಡಿಸೋ ಟ್ರಾನ್ಸ್‌ಪೋರ್ಟರಲ್ಲಿ ಮೇಲೆ ಬರೋವಾಗ ಇಬ್ಬರಾಗಿಬಿಟ್ಟಿದ್ದ ಅಂತ ಗೊತ್ತಾಗುತ್ತೆ, ಒಬ್ಬ ನೌಕೆಗೆ ಬಂದು ಪ್ರಮೋಷನ್ ಮೇಲೆ ಪ್ರಮೋಷನ್ ತಗೊಂಡು ಗಡ್ಡ ನೀವ್ಕೊಂಡು ಆರಾಮಾಗಿದಾನೆ, ಇನ್ನೊಬ್ಬ ಎಂಟು ವರ್ಷ ಅಲ್ಲೇ ಒಬ್ಬಂಟಿ ಸಿಕ್ಕಿಹಾಕ್ಕೊಂಡು ಹಳೇ ಹುಡುಗಿ ಟ್ರಾಯ್‌ನ ನೆನೆಸ್ಕೊಂಡು ದಿನ ದೂಡಿದಾನೆ. ಮೇಲಿದ್ದೋನು ಕೆಲ್ಸ ಕೆಲ್ಸ ಅಂತ ಅವಳನ್ನ ಬಿಟ್ಟಿರ್ತಾನೆ. ಈಗ ಹೇಳಿ, ಇಬ್ಬರಲ್ಲಿ ಅವಳ ರೈಕರ್ ಯಾರು? ತಂಗಿ ಒಂದು ಕ್ಷಣಾನೂ ಯೋಚಿಸ್ಲಿಲ್ಲ. "ಕಾದೋನು." ನಂಗೆ ಅಷ್ಟು ಸಲೀಸಾಗಿ ಹೇಳೋಕಾಗ್ಲಿಲ್ಲ, ಕಾಯೋದು ಬಿಟ್ಟು ಬೇರೆ ಕೆಲ್ಸಾನೇ ಇಲ್ದೋನು ಕಾದಿದ್ದರಲ್ಲಿ ಏನು ಹೆಚ್ಚುಗಾರಿಕೆ, ಆ ಇನ್ನೊಬ್ಬನ್ನ ಅಲ್ಲಿ ಬಿಟ್ಟಿದ್ರೆ ಅವನೂ ಕಾಯ್ತಿದ್ದ, ಯಾಕಂದ್ರೆ ಅವನೇ ಇವನು. ಡಾಕ್ಟರ್ ಹೂ ಅನ್ನೋ ಸೀರೀಸಲ್ಲಂತೂ 2008ರಲ್ಲಿ ಡಾಕ್ಟರನ್ನ ಪ್ರೀತಿಸ್ತಿದ್ದ ರೋಸ್‌ನ ಕೈಗೆ ಡಾಕ್ಟರ್‌ದೇ ಒಂದು ಮನುಷ್ಯ ಪ್ರತಿ ಇಟ್ಟು, ನಿಂಗೆ ಇವನು, ನಾನು ಹೊರಟೆ ಅನ್ನೋ ಹಾಗೆ ಅಸಲಿ ಡಾಕ್ಟರ್ ಹೋಗೇಬಿಟ್ಟ. ಇದು ನ್ಯಾಯಾನಾ ಅಂತ ಇವತ್ತಿಗೂ ಕೇಳೋರಿದಾರೆ, ಅದರಲ್ಲಿ ಒಬ್ಬಳು ನನ್ನ ತಂಗಿ.

ನಮ್ಮ ಕೇಸಿಗೆ ಮುಖ್ಯ ಸಾಕ್ಷಿ ಬಂದಿದ್ದು ಮೂರನೇ ಸೀಸನ್ ಮಧ್ಯದಲ್ಲಿ. ಅಸಲಿ ಒಲಿವಿಯಾ ಹೇಗೋ ತಪ್ಪಿಸ್ಕೊಂಡು ವಾಪಸ್ ಬಂದಿದಾಳೆ. ಪೀಟರ್ ಎಲ್ಲಾ ಒಪ್ಕೊಂಡ. ಒಪ್ಕೊಳ್ಳೋವಾಗ ಒಂದು ಮಾತು ಹೇಳ್ತಾನೆ, ವ್ಯತ್ಯಾಸ ನಂಗೂ ಕಾಣಿಸಿತ್ತು, ಜಾಸ್ತಿ ನಗ್ತಿದ್ಲು, ಸ್ವಲ್ಪ ಹಗುರಾಗಿದ್ಲು, ನಾವಿಬ್ರೂ ಒಂದಾಗಿದ್ದಕ್ಕೆ ಹಾಗಿರ್ಬೇಕು ಅಂದ್ಕೊಂಡೆ ಅಂತ. ನಂಗೆ ಆ ಮಾತು ಕೇಳಿ ಪಾಪ ಅನ್ನಿಸ್ತು. ತಂಗಿಗೆ ಮೈ ಉರೀತು. "ಅಂದ್ರೆ ಏನಕ್ಕ ಅರ್ಥ? ಅವಳ ನಗೂಗೆ ತಾನೇ ಕಾರಣ ಅಂತ ಬೀಗ್ತಾ ಇದ್ನಾ? ನಗೋಳು ಸಿಕ್ಕಿದ್ದಕ್ಕೆ ಖುಷಿಯಾಗಿ ಕಣ್ಣು ಮುಚ್ಕೊಂಡಿದಾನೆ!" ಅಂತ ಫೋನಲ್ಲೇ ಕೂಗಾಡಿದ್ಲು. ನಾನು ಪೀಟರ್ ಪರ ವಕಾಲತ್ತು ಹಾಕ್ದೆ, ನೋಡೇ, ಪಕ್ಕದ ಜಗತ್ತಿಂದ ಡೂಪ್ಲಿಕೇಟ್ ಬಂದಿರ್ಬೇಕು ಅಂತ ಯಾವ ಮನುಷ್ಯ ಮೊದಲು ಯೋಚಿಸ್ತಾನೆ, ಎದುರಿಗಿರೋರು ಖುಷಿಯಾಗಿದ್ರೆ ಖುಷಿಯಾಗಿದಾರೆ ಅಂತ ತಾನೇ ಅಂದ್ಕೊಳ್ಳೋದು. ಮತ್ತೆ ಒಂದ್ಸಲ ಅನುಮಾನ ಬಂದ್ಮೇಲೆ ಅವನು ಸುಮ್ನಿರ್ಲಿಲ್ಲ, ಗ್ರೀಕ್ ಭಾಷೇಲಿ ಒಂದು ಮಾತು ಹೇಳಿ ಪರೀಕ್ಷೆ ಮಾಡ್ದ, ಅಸಲಿಯವಳಿಗೆ ಮಾತ್ರ ಗೊತ್ತಿರೋ ಮಾತು, ಇವಳು ಸಿಕ್ಕಿಬಿದ್ಲು.

"ಅನುಮಾನ ಬಂದ್ಮೇಲೆ ಪರೀಕ್ಷೆ ಮಾಡೋಕೆ ಅವನೇ ಬೇಕಾ, ಪೊಲೀಸ್ರು ಸಾಕಲ್ಲ" ಅಂದ್ಲು ಇವಳು. ಆಮೇಲೆ ಬ್ರಹ್ಮಾಸ್ತ್ರ ತೆಗೆದ್ಲು, ದಮಯಂತಿ. ಸ್ವಯಂವರದಲ್ಲಿ ನಾಲ್ಕು ಜನ ದೇವತೆಗಳು ನಳನ ರೂಪದಲ್ಲೇ ಬಂದು ಸಾಲಾಗಿ ಕೂತಿದ್ರು, ಐದು ಜನ ನಳರು, ದಮಯಂತಿ ಹಿಡಿದಳೋ ಇಲ್ವೋ ಸರಿಯಾದವನ್ನ? ಅವನಿಗೆ ಬರೀ ಒಬ್ಬಳನ್ನ ಗುರುತು ಹಿಡಿಯೋಕಾಗಲ್ವಾ? ಒಳ್ಳೇ ಏಟು ಕೊಟ್ಲು, ಒಪ್ಕೋಬೇಕು. ಆದ್ರೆ ನಾನೂ ಅವಳ ಅಕ್ಕನೇ. ದಮಯಂತಿ ಮೊದ್ಲು ತಬ್ಬಿಬ್ಬಾಗಿ ದೇವತೆಗಳಿಗೇ ಕೈ ಮುಗಿದ್ಲು ಕಣೇ, ಅವ್ರು ಕರುಣೆ ಪಟ್ಟು ತಮ್ಮ ಗುರುತು ತೋರ್ಸಿದ್ರು, ರೆಪ್ಪೆ ಬಡಿಯಲ್ಲ, ಬೆವರಲ್ಲ, ನೆರಳು ಬೀಳಲ್ಲ, ಕಾಲು ನೆಲಕ್ಕೆ ತಾಗಲ್ಲ, ಹಾಕ್ಕೊಂಡ ಹಾರ ಬಾಡಲ್ಲ. ಎದುರಿಗೆ ಕೂತಿರೋರು ಬೆವರ್ತಾ ಇದ್ರೆ ಅವನೇ ನಳ. ಪ್ರಶ್ನೆ ಪತ್ರಿಕೆ ಕೊಟ್ಟೋರೇ ಉತ್ತರಾನೂ ಕೊಟ್ರು, ಪಾಸಾದ್ಲು. ಪೀಟರ್‌ಗೆ ಬಂದೋಳು ಬೆವರ್ತಾಳೆ, ರೆಪ್ಪೆ ಬಡೀತಾಳೆ, ನೆರಳೂ ಬೀಳುತ್ತೆ, ಇನ್ನೇನು ಮಾಡ್ಬೇಕು ಪಾಪ? ಆ ಕಡೆಯಿಂದ ಸ್ವಲ್ಪ ಹೊತ್ತು ಉಸಿರಾಟ ಮಾತ್ರ ಕೇಳಿಸ್ತಿತ್ತು. ಆಮೇಲೆ, "ದಮಯಂತಿಗೆ ಅನುಮಾನನಾದ್ರೂ ಬಂತಲ್ಲಕ್ಕ" ಅಂದ್ಲು. ಐದು ಜನ ಒಟ್ಟಿಗೆ ಕೂತಿದ್ರಲ್ವೇ, ಬರದೆ ಇರುತ್ತಾ ಅಂತ ಹೇಳ್ಬೇಕು ಅನ್ನೋಷ್ಟ್ರಲ್ಲಿ ಫೋನ್ ಚಾರ್ಜ್ ಮುಗೀತು. ಅವಳದು. ನನ್ನದು ಅಂತ ಅವಳು ಇವತ್ತಿಗೂ ಹೇಳ್ತಾಳೆ.

ಇನ್ನೊಂದು ಎಳೆ ಇದೆ, ಅದನ್ನ ನಾನು ಗುಟ್ಟಾಗಿ ಇಟ್ಕೊಂಡಿದ್ದೆ. ಪೀಟರ್ ಈ ಜಗತ್ತಿನೋನೇ ಅಲ್ಲ. ಇಲ್ಲಿದ್ದ ಪುಟ್ಟ ಪೀಟರ್ ಕಾಯಿಲೆಯಿಂದ ತೀರಿಕೊಂಡಾಗ, 1985ರಲ್ಲಿ, ಅವನಪ್ಪ ವಾಲ್ಟರ್ ಆ ಕಡೆಗೆ ನುಗ್ಗಿ ಅಲ್ಲಿನ ಪೀಟರ್‌ನ ಎತ್ಕೊಂಡು ಬಂದುಬಿಡ್ತಾನೆ. ಹಾಗೆ ನೋಡಿದ್ರೆ ಹುಟ್ಟಿದ ಊರು ಅಂತ ಲೆಕ್ಕ ಹಿಡಿದ್ರೆ ಪೀಟರ್‌ಗೆ ಸರಿಯಾದ ಜೋಡಿ ಆ ಕೆಂಪು ಕೂದಲಿನವಳೇ, ಇವಳೇ ಹೊರಗಿನವಳು. ಇದನ್ನ ಹೇಳಿದ್ರೆ ತಂಗಿ ಕಕ್ಕಾಬಿಕ್ಕಿ ಆಗ್ತಾಳೆ ಅಂತ ಖುಷೀಲಿ ಹೇಳ್ದೆ. ಅವಳು ತಣ್ಣಗೆ, "ಆ ಕಡೆ ಅವಳಿಗೆ ಫ್ರಾಂಕ್ ಅಂತ ಒಬ್ಬ ಇದ್ನಲ್ಲ, ಅವನನ್ನ ಯಾವ ಲೆಕ್ಕಕ್ಕೆ ಹಾಕ್ತೀಯ?" ಅಂದ್ಲು. ಫ್ರಾಂಕ್‌ನ ನಾನು ಮರ್ತೇಬಿಟ್ಟಿದ್ದೆ. ಪೀಟರ್ ಮಗುವಿಗೆ ಅವಳು ತಾಯಿಯಾಗ್ತಾಳೆ ಅಂತ ಗೊತ್ತಾದ ದಿನ ಫ್ರಾಂಕ್ ಹೊರಟುಹೋಗ್ತಾನೆ. ನಾವಿಬ್ರೂ ಅಷ್ಟು ರಾತ್ರಿ ಎದ್ದು ಕೂತು ವಾದ ಮಾಡಿದ್ದೇನು, ಆ ಬಡಪಾಯಿ ಬಗ್ಗೆ ಐದು ನಿಮಿಷ ಮಾತಾಡಿರ್ಲಿಲ್ಲ. ಲಗ್ರಾಂಜನ ಲೆಕ್ಕದಲ್ಲಿ ತೂಕಾನೇ ಇಲ್ದೋನು.

ಒಂದ್ಸಲ ನಿಲ್ಲಿಸಿ ನೋಡಿದ್ದು ಒಲಿವಿಯಾ ಒಡೆದುಹೋಗೋ ದೃಶ್ಯಾನ. ಅವಳು ಪೀಟರ್‌ಗೆ ಹೇಳೋದು ಪ್ರೀತಿ ಪ್ರೇಮದ ಮಾತಲ್ಲ. ಮನೆ, ಕೆಲ್ಸ, ಹಾಸಿಗೆ ಎಲ್ಲಾ ಕಡೆ ಅವಳೇ ಇದಾಳೆ, ಈ ಬಟ್ಟೆ ನಾನು ಹಾಕ್ಕೊಳ್ಳಲ್ಲ, ಈ ಮನೇಲಿ ಇರಲ್ಲ, ನಿನ್ನ ಜೊತೇನೂ ಇರಲ್ಲ. ಅದೇ ಬಟ್ಟೆ, ಅದೇ ಅಳತೆ, ಅದೇ ಮೈ, ಆದ್ರೂ ಹಾಕ್ಕೊಳ್ಳೋಕಾಗ್ತಿಲ್ಲ. ಎರಡು ಪಾತ್ರಾನೂ ಮಾಡಿರೋಳು ಒಬ್ಬಳೇ, ಆನಾ ಟಾರ್ವ್. ಹತ್ತಾರು ಸಲ ನೋಡಿದ್ಮೇಲೆ ನಮಗೆ ಅವಳು ಬಾಗಿಲು ತೆಗೆಯೋ ರೀತೀಲೇ ಯಾರು ಅಂತ ಗೊತ್ತಾಗ್ತಿತ್ತು, ಇವಳು ಭುಜ ಬಿಗಿ ಹಿಡ್ಕೊಂಡು ಬರ್ತಾಳೆ, ಅವಳು ಸೊಂಟ ಸಡಿಲ ಬಿಟ್ಕೊಂಡು. ನೋಡು, ನಮಗೇ ಗೊತ್ತಾಗುತ್ತೆ, ಅವನಿಗಾಗ್ಲಿಲ್ಲ ಅಂತ ತಂಗಿ ಮತ್ತೆ ಶುರು. ಅಮ್ಮಾ ತಾಯಿ, ನಮಗೆ ಟೈಟಲ್ ಬಣ್ಣದಲ್ಲೇ ಹೇಳ್ಬಿಡ್ತಾರೆ, ಈ ಜಗತ್ತಾದ್ರೆ ನೀಲಿ, ಆ ಜಗತ್ತಾದ್ರೆ ಕೆಂಪು. ಪೀಟರ್‌ಗೆ ಟೈಟಲ್ ಕಾಣ್ಸುತ್ತಾ?

ಕೊನೆಗೆ ಇದನ್ನ ನಮ್ಮನೆಯವ್ರ ಮುಂದೆ ಇಟ್ಟೆ, ಮೂರನೇ ಮನುಷ್ಯ, ಸೀರೀಸ್ ನೋಡಿಲ್ಲ, ನಿಷ್ಪಕ್ಷಪಾತಿ. ಫೋನ್ ಸ್ಪೀಕರಲ್ಲಿ ತಂಗಿ. "ಭಾವ, ನೀವಾಗಿದ್ರೆ? ಅಕ್ಕನ ಥರಾನೇ ಇನ್ನೊಬ್ಬಳು ಬಂದು ಮನೇಲಿ ಕೂತ್ರೆ ನಿಮಗೆ ಗೊತ್ತಾಗುತ್ತಾ ಇಲ್ವಾ?" ಅವ್ರು ಪೇಪರಿಂದ ಕಣ್ಣು ತೆಗೀದೆ "ಒಂದು ಗಂಟೇಲಿ ಗೊತ್ತಾಗುತ್ತಮ್ಮ" ಅಂದ್ರು. ಹೇಗೆ ಅಂದ್ಲು. "ಒಂದು ಗಂಟೆ ನನ್ನನ್ನ ಬೈದೇ ಇದ್ರೆ ಅವಳಲ್ಲ ಅಂತ." ಇಬ್ರೂ ನಕ್ರು. ನಾನೂ ನಕ್ಕೆ, ನಕ್ಕು ಕನ್ನಡಕ ತೆಗೆದು ಒರೆಸ್ಕೊಂಡೆ, ಒರೆಸೋವಾಗ ಹೊಳೀತು, ಈ ಕನ್ನಡಕ ತಂದು ಆವತ್ತಿಗೆ ಒಂಬತ್ತನೇ ದಿನ. ಮೊದಲಿದ್ದದ್ದು ದುಂಡಗಿನ ಕಪ್ಪು ಫ್ರೇಮು, ಆರು ವರ್ಷ ಅದೇ ಇತ್ತು. ಇದು ಚೌಕ, ಕೆಂಪು, ಬೀದಿ ಆ ತುದೀಲಿ ನಿಂತ್ರೂ ಕಾಣೋ ಅಂಥ ಕೆಂಪು.

"ರೀ, ಇಲ್ನೋಡಿ" ಅಂದೆ. ನೋಡಿದ್ರು. "ಏನಾದ್ರೂ ಬೇರೆ ಥರ ಕಾಣ್ತಿದೆಯಾ?" ತುಂಬಾ ಹೊತ್ತು ನೋಡಿದ್ರು, ಪೇಪರ್ ಪಕ್ಕಕ್ಕಿಟ್ಟು, ತಲೆ ಓರೆ ಮಾಡಿ, ಪರೀಕ್ಷೇಲಿ ಓದದೆ ಇರೋ ಪ್ರಶ್ನೆ ಬಂದಿರೋರ ಹಾಗೆ. "ಸ್ವಲ್ಪ ಸಣ್ಣ ಆಗಿದೀಯ" ಅಂದ್ರು.

ಪೀಟರ್ ನಿರ್ದೋಷಿ ಅಂತ ನಾನು ಫೋನಿಗೆ ಹೇಳ್ದೆ, ಕನ್ನಡಕದ ಕಥೇನೂ ಹೇಳ್ದೆ. ಇಲ್ಲ ಇಬ್ರೂ ಅಪರಾಧಿಗಳು ಅಂತಾಳೆ ಅಂತ ಕಾಯ್ತಿದ್ದೆ. ಅವಳು ಬೇರೇನೇ ಹಿಡ್ಕೊಂಡ್ಲು. "ಕೆಂಪು ಫ್ರೇಮಾ? ನಮ್ಮಕ್ಕ ಜನ್ಮದಲ್ಲಿ ಕೆಂಪು ತಗೊಂಡೋಳಲ್ಲ" ಅಂದ್ಲು, ದನಿ ಸಿಬಿಐ ಆಗಿತ್ತು. "ಚಿಕ್ಕವಳಿದ್ದಾಗ ನಾನು ಅತ್ರೆ ನೀನು ಒಂದು ಹೆಸರು ಹಿಡಿದು ಕರೀತಿದ್ದೆ, ಏನದು, ಹೇಳು ನೋಡೋಣ."

ನೆನಪು ಮಾಡ್ಕೊಂಡೆ. ಅವಳ ಹಸಿರು ಫ್ರಾಕ್ ನೆನಪಾಯ್ತು, ಅತ್ತು ಅತ್ತು ಮೂಗು ಕೆಂಪಾಗ್ತಿದ್ದದ್ದು ನೆನಪಾಯ್ತು, ಬಾಗಿಲ ಹಿಂದೆ ಹೋಗಿ ನಿಲ್ತಿದ್ದದ್ದು ನೆನಪಾಯ್ತು. ಹೆಸರು ಮಾತ್ರ ನಾಲಿಗೆ ತುದೀವರೆಗೂ ಬರ್ಲಿಲ್ಲ.

ಹತ್ತು ಸೆಕೆಂಡ್ ಕಾದ್ಲು ಅನ್ಸುತ್ತೆ. "ಭಾವಂಗೆ ಕೊಡಿ ಫೋನು" ಅಂದ್ಲು. ಕೊಡು ಅನ್ಲಿಲ್ಲ, ಕೊಡಿ ಅಂದ್ಲು.